ಬೂದು ಚೌಕ ಯಾರ ಪಾಲಿಗೆ

ನಾನು ಹೊಟ್ಟೆಪಾಡಿಗೆ ಗೆರೆ ಎಳೆಯುವವಳು. ಕೈಯಲ್ಲಿ ಅಲ್ಲ, ಕೈಯಲ್ಲಿ ಎಳೆದರೆ ನನ್ನ ಗೆರೆ ಬಸಳೆ ಬಳ್ಳಿಯ ಹಾಗೆ ಎಲ್ಲೆಲ್ಲಿಗೋ ಹೋಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಹೇಗೆ ಬೀಳಬೇಕು ಎಂದು ಅದಕ್ಕೆ ಹೇಳಿಕೊಡುವ ಕೋಡ್ ಬರೆಯುವುದು ನನ್ನ ಕೆಲಸ. ಮಂಗಳೂರಿನ ಒಂದು ಸಣ್ಣ ಕಂಪೆನಿ. ನೀರಿನ ಪೈಪು, ಕರೆಂಟಿನ ಕಂಬ, ಚರಂಡಿ ಎಲ್ಲೆಲ್ಲಿ ಹೋಗಿದೆ ಎಂದು ನಕ್ಷೆಯಲ್ಲಿ ತೋರಿಸುವ ಪ್ರೋಗ್ರಾಮ್ ಮಾಡುತ್ತದೆ. ಅದರಲ್ಲಿ ಕಾಣುವ ಗೆರೆಗಳೆಲ್ಲ ನನ್ನವು. ವಾರಕ್ಕೊಮ್ಮೆ ಆಫೀಸಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ. ಉಳಿದ ದಿನ ಮೂಡಬಿದಿರೆ ಹತ್ತಿರದ ತೋಡಾರಿನಿಂದ ಸ್ವಲ್ಪ ಒಳಗಿರುವ ಅಮ್ಮನ ಮನೆಯ ಚಾವಡಿಯಲ್ಲಿ ಕೂತು ಕೆಲಸ.

ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮನಿಗೆ ಈ ಕೆಲಸದ ಮೇಲೆ ಎಂದೂ ನಂಬಿಕೆ ಬಂದದ್ದಿಲ್ಲ. "ಗೆರೆ ಎಳೀಲಿಕ್ಕೆ ಸಂಬಳ ಕೊಡ್ತಾರಾ ನಿನಗೆ?" ಎಂದು ಕೇಳಿದ್ದರು ಒಮ್ಮೆ. ಹೌದು ಎಂದೆ. "ನೀರಿನ ಮೇಲೆ ಎಳೆದ್ರೆ ಜಾಸ್ತಿ ಕೊಡ್ತಾರೇನೋ, ಕೇಳಿ ನೋಡು." ನಮ್ಮ ಮನೆಗಳಲ್ಲಿ ಮಾತು ತುಳುವಿನಲ್ಲೇ. ಇಲ್ಲಿ ಬರೆಯುವಾಗ ಕನ್ನಡಕ್ಕೆ ಬಂದಿದೆ, ಚುಚ್ಚುವ ಶಕ್ತಿ ಸ್ವಲ್ಪ ಕಡಿಮೆಯಾಗಿದೆ.

ನೆಟ್ಟಗಿನ ಗೆರೆ, ಅಡ್ಡ ಗೆರೆ ಎಳೆಯುವುದಕ್ಕೆ ನನ್ನಂಥವರು ಬೇಕಾಗಿಲ್ಲ. ತೊಂದರೆ ಇರುವುದು ಓರೆ ಗೆರೆಯಲ್ಲಿ. ಪರದೆ ಎಂದರೆ ಬರೇ ಸಣ್ಣ ಸಣ್ಣ ಚೌಕ, ಚಾವಡಿಗೆ ಹಾಸಿದ ಟೈಲ್ಸಿನ ಹಾಗೆ. ಒಂದು ಚೌಕಕ್ಕೆ ಒಂದೇ ಬಣ್ಣ. ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಒಂದು ಗೆರೆ ಬೇಕು, ಟೈಲ್ಸ್ ಒಡೆಯಬಾರದು, ಪ್ರತಿ ಟೈಲ್ಸೂ ಒಂದೋ ಕಪ್ಪು ಇಲ್ಲವೇ ಬಿಳಿ ಎಂದರೆ ಆಗುವುದು ಗೆರೆಯಲ್ಲ, ಮೆಟ್ಟಿಲು. ದೂರದಿಂದ ನೋಡಿದರೆ ಗರಗಸದ ಹಲ್ಲು. ನನಗೆ ಈ ಹಲ್ಲು ಕಂಡರೆ ಆಗುವುದಿಲ್ಲ. ಬಸ್ ಟಿಕೆಟಿನ ಮೇಲಿನ ಚಿತ್ರದಲ್ಲಿ, ಮದುವೆ ಕಾಗದದ ಅಂಚಿನಲ್ಲಿ, ಟಿ.ವಿ. ಧಾರಾವಾಹಿಯ ಹೆಸರು ಬರುವಲ್ಲಿ, ಎಲ್ಲಿ ಕಂಡರೂ ಮೈ ಉರಿಯುತ್ತದೆ. ಊಟಕ್ಕೆ ಕೂತಲ್ಲಿ ಬಾಳೆ ಎಲೆ ಬಿಟ್ಟು ಹಿಂದಿನ ಬ್ಯಾನರ್ ನೋಡುತ್ತಾ ಕೂರುವ ಹೆಂಗಸು ಯಾರಾದರೂ ಇದ್ದರೆ ಅದು ನಾನೇ.

ಅಮ್ಮನದೂ ದೊಡ್ಡಮ್ಮನದೂ ಒಂದೇ ಅಂಗಳದ ಆಚೆ ಈಚೆಯ ಎರಡು ಮನೆ. ಜಾಗ ಅಜ್ಜಿಯಿಂದ ಬಂದದ್ದು. ನಮ್ಮಲ್ಲಿ ಅದು ಹೆಣ್ಣುಮಕ್ಕಳ ದಾರಿಯಲ್ಲೇ ಬರುವುದು. ಅಕ್ಕತಂಗಿಯರು ಅದನ್ನು ಎಂದೂ ಪಾಲು ಮಾಡಿಕೊಂಡಿರಲಿಲ್ಲ. ಇಲ್ಲಿ ನಿಂತು ಕರೆದರೆ ಅಲ್ಲಿ ಓಗೊಡುತ್ತಿದ್ದರು, ಅಷ್ಟೇ. ದೊಡ್ಡಮ್ಮನ ಮನೆಯಲ್ಲಿ ಸೊಸೆ ಇದ್ದಾಳೆ, ಮೂಡಬಿದಿರೆಯ ಶಾಲೆಯಲ್ಲಿ ಟೀಚರ್. ಮಗ ದುಬೈಯಲ್ಲಿ ಹೋಟೆಲು ನೋಡಿಕೊಳ್ಳುತ್ತಾನೆ. ನನಗೆ ಅಣ್ಣ. ಪಾಲಿನ ಮಾತು ತೆಗೆದವನು ಅವನೇ.

"ಇಬ್ಬರೂ ನಗ್ತಾ ಇರುವಾಗಲೇ ಆಗಿ ಹೋಗ್ಲಿ," ಎಂದ ವಿಡಿಯೋ ಕಾಲಿನಲ್ಲಿ. "ನಾಳೆ ನಮ್ಮ ಮಕ್ಕಳ ಕಾಲಕ್ಕೆ ಕೋರ್ಟಿಗೆ ಅಲೆಯುದು ಬೇಡ. ನಾನು ರಜೆಯಲ್ಲಿ ಬಂದಾಗ ಸಹಿ ಮಾಡುವ. ಗಡಿಯ ಮೇಲೆ ಮುರಕಲ್ಲಿನ ಒಂದು ಗೋಡೆ ಎಬ್ಬಿಸಿದ್ರೆ ಶಾಶ್ವತಕ್ಕೆ ಚಿಂತೆ ಇಲ್ಲ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನು ಒಳ್ಳೆಯವನೇ. ದೊಡ್ಡಮ್ಮ, "ಆಯ್ತಪ್ಪ, ನೀನು ಹೇಳಿದ ಹಾಗೆ," ಎಂದರು. ಅಮ್ಮ, "ಅಕ್ಕನಿಗೆ ಸರಿ ಅಂತಾದ್ರೆ ನನಗೂ ಸರಿ," ಎಂದಳು. ಸರ್ವೆಯವರು ಬಂದು ಅಳೆದರು, ಎರಡು ಕಡೆ ಕಲ್ಲು ಹಾಕಿಸಿದರು. ಗಡಿ ನೆಟ್ಟಗೆ ಬರಲಿಲ್ಲ. ರಸ್ತೆಯ ಬದಿಯಿಂದ ಹೊರಟು ಅಂಗಳವನ್ನು ಓರೆಯಾಗಿ ದಾಟಿ, ಕಾಟುಮಾವಿನ ಮರಕ್ಕೆ ತಾಗಿದಂತೆ ಹೋಗಿ, ಗದ್ದೆಯ ತಲೆಗೆ ಮುಟ್ಟಿತು. ಎಲ್ಲ ಬಿಟ್ಟು ಓರೆ ಗೆರೆ. ನನ್ನ ಹಣೆಬರಹ.

"ಗೆರೆಯವಳು ಮನೆಯಲ್ಲೇ ಇದ್ದಾಳಲ್ಲ," ಎಂದ ಅಣ್ಣ. "ಇಬ್ಬರಿಗೂ ಅರ್ಥ ಆಗುವ ಹಾಗೆ ದೊಡ್ಡದಾಗಿ ಒಂದು ಚಿತ್ರ ಮಾಡಿ ಕೊಡು. ನೋಡಿ ಇಬ್ಬರೂ ಹೂಂ ಅಂದ ಮೇಲೆಯೇ ಸಹಿ."

ನಾನು ಖುಷಿಯಲ್ಲೇ ಒಪ್ಪಿದೆ. ನನ್ನ ಕೆಲಸ ಏನೆಂದು ಮನೆಯವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ. ಸರ್ವೆಯ ಅಳತೆಗಳನ್ನು ನಮ್ಮ ಕಂಪೆನಿಯ ಪ್ರೋಗ್ರಾಮಿಗೆ ಹಾಕಿದೆ, ಎರಡು ಮನೆ, ಬಾವಿ, ಮರ, ಗದ್ದೆ ಎಲ್ಲ ಬಂತು, ನಡುವೆ ಗೆರೆಯೂ ಬಂತು. ಪರದೆಯ ಚಿತ್ರ ತೆಗೆದು ಮೂಡಬಿದಿರೆಯ ಫ್ಲೆಕ್ಸ್ ಅಂಗಡಿಗೆ ವಾಟ್ಸ್ಯಾಪ್ ಮಾಡಿದೆ. ಬಾಗಿಲಿನಷ್ಟು ದೊಡ್ಡದು ಮಾಡಿ ಎಂದೆ. ತಿಳಿದವರು ಇಲ್ಲಿಗೇ ತಲೆಗೆ ಕೈ ಇಟ್ಟಿರುತ್ತಾರೆ. ಇಡಲಿ.

ಅಂಗಡಿಯವರು ಫೋನ್ ಮಾಡಿದರು. "ಮೇಡಂ, ಇದರಲ್ಲಿ ಫೋಟೋ ಯಾರದ್ದು ಹಾಕುದು?"

"ಫೋಟೋ ಬೇಡ."

"ಶುಭ ಕೋರುವವರು?"

"ಯಾರೂ ಕೋರುವುದಿಲ್ಲ."

ಮುಖಗಳಿಲ್ಲದ ಫ್ಲೆಕ್ಸ್ ಅವರ ಅಂಗಡಿಯಿಂದ ಹೊರಗೆ ಹೋದದ್ದು ಅದೇ ಮೊದಲು ಇರಬೇಕು. ಪಾಪ, ಮೇಲೆ ಒಂದು ಗಣಪತಿಯನ್ನಾದರೂ ಹಾಕಿ ಕೊಟ್ಟಿದ್ದರು.

ಫ್ಲೆಕ್ಸನ್ನು ದೊಡ್ಡಮ್ಮನ ಚಾವಡಿಯ ನೆಲದಲ್ಲಿ ಹಾಸಿದೆವು. ದೊಡ್ಡಮ್ಮ ಕನ್ನಡಕ ಏರಿಸಿ, ಸೀರೆ ಎತ್ತಿ ಕಟ್ಟಿ, ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ರಸ್ತೆಯ ತುದಿಯಿಂದ ಬೆರಳಿಟ್ಟು ಗೆರೆಯ ಮೇಲೆ ಹೋದರು. ಬೆರಳು ನಿಂತಿತು.

"ಇಲ್ಲಿ ಎಂತ ಮೆಟ್ಟಿಲು?"

ನಾನು ಬಗ್ಗಿ ನೋಡಿದೆ. ನಮ್ಮ ಪ್ರೋಗ್ರಾಮಿನಲ್ಲಿ ನಕ್ಷೆ ಬೇಗ ಬೇಗ ಸರಿಯಲಿ ಎಂದು ಒರಟು ಗೆರೆಯನ್ನೇ ಇಟ್ಟಿದ್ದೇವೆ. ಪರದೆಯಲ್ಲಿ ಸಾಸಿವೆಯಷ್ಟಿದ್ದ ಹಲ್ಲು ಫ್ಲೆಕ್ಸಿನಲ್ಲಿ ಹಿಗ್ಗಿ ಹೆಬ್ಬೆರಳಿನಷ್ಟಾಗಿತ್ತು. ನನ್ನ ಗೆರೆ, ನನ್ನ ಮನೆಯವರ ಮುಂದೆ, ಹಲ್ಲು ಕಿರಿಯುತ್ತಾ ಮಲಗಿತ್ತು.

"ಅದು ಮೆಟ್ಟಿಲಲ್ಲ ದೊಡ್ಡಮ್ಮ. ಗೆರೆ ನೇರವೇ ಇರುವುದು. ಚೌಕದಲ್ಲಿ ಕೂರುವಾಗ ಹಾಗೆ ಕಾಣುತ್ತದೆ."

"ನೇರ ಇದ್ದದ್ದು ಮೆಟ್ಟಿಲಾಗಿ ಯಾಕೆ ಕಾಣ್ತದೆ? ನೋಡು, ಇಲ್ಲಿ ನನ್ನ ಕಡೆಗೆ ಒಂದು ಹೆಜ್ಜೆ ಬಂತು. ಇಲ್ಲಿ ಇನ್ನೊಂದು. ಕಾಟುಮಾವಿನ ಹತ್ತಿರ ಬರುವಾಗ ಮತ್ತೆ ಒಂದು. ಹೆಜ್ಜೆ ಹೆಜ್ಜೆಗೂ ನನ್ನದು ಹೋಗ್ತಾ ಉಂಟು."

"ಹಾಗೆ ನೋಡಿದ್ರೆ ಪ್ರತಿ ಮೆಟ್ಟಿಲಿನ ಈ ಬದಿಯಲ್ಲಿ ನನ್ನದೂ ಹೋಗಿದೆಯಲ್ಲ ಅಕ್ಕ," ಎಂದಳು ಅಮ್ಮ. ಅವಳ ಸ್ವರ ನನಗೆ ಇಷ್ಟವಾಗಲಿಲ್ಲ.

"ಹೋಗಿದೆ ಅಂತಾದ್ರೆ ನೀನೂ ಹೇಳು. ನಾನು ಬೇಡ ಅಂದೆನಾ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಸರಿಯಾಗಿಯೇ ಇತ್ತು, ಗೆರೆಯನ್ನು ಡೊಂಕು ಮಾಡಿ ಕೂತಿದ್ದರು. ನಾನು ಫ್ಲೆಕ್ಸ್ ಸುರುಳಿ ಸುತ್ತಿ ಎದ್ದೆ. "ಎರಡು ದಿನ ಕೊಡಿ. ಹಲ್ಲೇ ಇಲ್ಲದ ಗೆರೆ ಎಳೆದು ತರದಿದ್ದರೆ ನಾನು ಈ ಕೆಲಸ ಬಿಡ್ತೇನೆ," ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಸುಳ್ಳು ಹೇಳಬಾರದು, ಒಳಗೆ ಹುರುಪೇ ಇತ್ತು.

ಹಲ್ಲು ತೆಗೆಯುವ ಉಪಾಯ ಕೇಳಲಿಕ್ಕೆ ಸುಲಭ. ಚೌಕವನ್ನು ಕತ್ತರಿಸಲಿಕ್ಕಾಗುವುದಿಲ್ಲ ಅಲ್ಲವೇ, ಬಣ್ಣವನ್ನು ಹಂಚಬಹುದು. ಗೆರೆ ಒಂದು ಚೌಕದ ಕಾಲುಭಾಗ ಮುಚ್ಚಿದರೆ ಅದಕ್ಕೆ ಕಾಲು ಕಪ್ಪು, ಮುಕ್ಕಾಲು ಮುಚ್ಚಿದರೆ ಮುಕ್ಕಾಲು. ಹೀಗೆ ಗೆರೆಯ ಎರಡೂ ಬದಿಗೆ ತೆಳು ಬೂದು ಚೌಕಗಳು ಬಂದು ಕೂರುತ್ತವೆ. ಹತ್ತಿರದಿಂದ ನೋಡಿದರೆ ಮಸಿ ಉಜ್ಜಿದಂತೆ ಕಾಣುತ್ತದೆ, ಎರಡು ಹೆಜ್ಜೆ ಹಿಂದೆ ಸರಿದರೆ ಎಣ್ಣೆ ಹಚ್ಚಿದಷ್ಟು ನುಣುಪಾದ ಗೆರೆ. ಮಾಡಲು ಹೊರಟರೆ ಬೇರೆ ತಲೆನೋವು. ಅರ್ಧ ಕಪ್ಪು ಎಂದು ಕಂಪ್ಯೂಟರಿಗೆ ಹೇಳಿದರೆ ನಮ್ಮ ಕಣ್ಣು ಅದನ್ನು ಅರ್ಧ ಎಂದು ಒಪ್ಪುವುದಿಲ್ಲ. ಅದನ್ನು ಸರಿದೂಗಿಸದಿದ್ದರೆ ಗೆರೆ ಹುರಿಹಗ್ಗದ ಹಾಗೆ ಒಂದು ಕಡೆ ದಪ್ಪ ಒಂದು ಕಡೆ ಸಪೂರ. ಅದನ್ನು ಸರಿಮಾಡಿದೆ. ತುದಿಗಳು ಮೊಂಡಾಗಿದ್ದವು, ಅದನ್ನೂ ಸರಿಮಾಡಿದೆ. ಈ ಸಲ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಕಳಿಸಿ ಕುಗ್ಗಿಸದೆ ಪೆನ್‌ಡ್ರೈವಿನಲ್ಲಿ ನಾನೇ ತೆಗೆದುಕೊಂಡು ಹೋದೆ. ಅಂಗಡಿಯವರು ಈ ಸಲ ಶುಭ ಕೋರುವವರನ್ನು ಕೇಳಲಿಲ್ಲ.

ಹೊಸ ಫ್ಲೆಕ್ಸ್ ಹಾಸಿದೆವು. ನಿಂತು ನೋಡಿದರೆ ಹಲ್ಲಿನ ಹೆಸರಿಲ್ಲ. ನಾನು ಹೊಗಳಿಕೆಗೆ ಕಾದು ನಿಂತಿದ್ದೆ. ಇವರೋ, ನಿಂತು ನೋಡುವ ಜನವೇ ಅಲ್ಲ. ಇಬ್ಬರೂ ಮೂಗು ತಾಗುವಷ್ಟು ಬಗ್ಗಿದರು. ಈ ಸಲ ಬೆರಳಿಟ್ಟದ್ದು ಅಮ್ಮ.

"ಇದು ಎಂತ ಬೂದಿ ಬಣ್ಣ?"

"ಅದೇ ಗೆರೆಯನ್ನು ನುಣುಪು ಮಾಡುವುದು ಅಮ್ಮ."

"ಅದು ಸರಿ. ಕಪ್ಪು ಗಡಿ. ಈ ಕಡೆ ಬಿಳಿ ನನ್ನದು, ಆ ಕಡೆ ಬಿಳಿ ಅಕ್ಕನದು. ಬೂದಿ ಯಾರದ್ದು?"

"ಯಾರದ್ದೂ ಅಲ್ಲ."

"ಯಾರದ್ದೂ ಅಲ್ಲದ ಜಾಗ ಎಲ್ಲಿಂದ ಬಂತು? ನಮ್ಮ ಅಮ್ಮ ಬಿಟ್ಟು ಹೋದದ್ದು ನಮ್ಮಿಬ್ಬರಿಗೆ."

"ಬೂದಿ ನನಗಿರಲಿ ಬಿಡು, ಹಿರಿಯವಳು ನಾನು," ಎಂದರು ದೊಡ್ಡಮ್ಮ. ತಮಾಷೆಗೆ ಹೇಳಿದ್ದೇ ಇರಬೇಕು.

"ಯಾವಾಗಲೂ ಹಾಗೆಯೇ ಅಲ್ವಾ," ಎಂದಳು ಅಮ್ಮ. "ನೀನು ಹಿರಿಯವಳು. ನಾನು ಉಳಿದದ್ದು ತೆಗೆದುಕೊಳ್ಳುವವಳು."

ಅಮ್ಮ ಚಪ್ಪಲಿ ಮೆಟ್ಟಿ ಅಂಗಳ ದಾಟಿ ಬಂದುಬಿಟ್ಟಳು. ನಾನು ಫ್ಲೆಕ್ಸ್ ಬಿಟ್ಟು ಅವಳ ಹಿಂದೆ ಓಡಿದೆ.

ಅಲ್ಲಿಗೆ ಮಾತು ನಿಂತಿತು. ಇದು ಎಷ್ಟು ದೊಡ್ಡ ಸಂಗತಿ ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಸಂಜೆ ಚಾಯದ ಹೊತ್ತಿಗೆ ಅಮ್ಮ ಆ ಮನೆಗೆ ಹೋಗುವುದು, ಇಬ್ಬರೂ ಧಾರಾವಾಹಿ ನೋಡುತ್ತಾ ಅದರ ಅತ್ತೆಯನ್ನು ಒಟ್ಟಿಗೆ ಬೈಯುವುದು, ನಾನು ಹುಟ್ಟುವುದಕ್ಕಿಂತ ಮೊದಲಿನಿಂದ ನಡೆದು ಬಂದ ಕ್ರಮ. ಆಗ ಧಾರಾವಾಹಿ ಇರಲಿಲ್ಲ, ಊರಿನವರನ್ನು ಬೈಯುತ್ತಿದ್ದರಂತೆ. ಈಗ ಇಬ್ಬರೂ ಅವರವರ ಮನೆಯಲ್ಲಿ ಅದೇ ಧಾರಾವಾಹಿ ಹಾಕಿ ಕೂತರು. ವಾಲ್ಯೂಮ್ ಮಾತ್ರ ಒಬ್ಬರಿಗಿಂತ ಒಬ್ಬರು ಜೋರು. ಅಂಗಳದ ನಡುವೆ ನಿಂತರೆ ಅತ್ತೆಯ ನಗು ಎರಡು ಕಿವಿಗೂ ಬೇರೆ ಬೇರೆ ಕೇಳುತ್ತಿತ್ತು. ಅಮ್ಮ ಬೈಯುವುದಕ್ಕೆ ಬಾಯಿ ತೆರೆದು, ಪಕ್ಕಕ್ಕೆ ತಿರುಗಿ, ಅಲ್ಲಿ ನಾನಿರುವುದನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಬೈಯಲು ಬರುತ್ತಿರಲಿಲ್ಲ ಎಂದಲ್ಲ. ನಾನು ಅಕ್ಕ ಅಲ್ಲ, ಅಷ್ಟೇ.

ನನಗೆ ನಿಜಕ್ಕೂ ಬೇಜಾರಾಯಿತು. ಅಷ್ಟಾದರೂ ಬುದ್ಧಿ ಓಡಿದ್ದು ಗೆರೆಯ ಕಡೆಗೇ. ಬೂದು ಕಡಿಮೆಯಾದರೆ ಜಗಳ ಕಡಿಮೆಯಾದೀತು ಎಂದು ಲೆಕ್ಕ ಹಾಕಿದೆ. ಗೆರೆ ಸಪೂರ ಮಾಡಿದೆ. ಚೌಕಗಳನ್ನು ಇನ್ನೂ ಸಣ್ಣದು ಮಾಡಿದೆ. ಕಪ್ಪು ಬಿಟ್ಟು ಕೆಂಪು ಹಾಕಿದೆ. ಒಂದೊಂದು ಆವೃತ್ತಿಯನ್ನೂ ಮೊದಲು ಆ ಮನೆಗೆ, ಆಮೇಲೆ ಈ ಮನೆಗೆ ಹೊತ್ತೆ. ದೊಡ್ಡಮ್ಮ, "ಕೆಂಪು ಯಾಕೆ, ಯಾರ ರಕ್ತ?" ಎಂದರು. ಅಮ್ಮ, "ಇಷ್ಟು ಸಪೂರ ಗೆರೆಯ ಮೇಲೆ ಅಷ್ಟು ದಪ್ಪ ಗೋಡೆ ಹೇಗೆ ಕೂರ್ತದೆ? ಗೋಡೆಯ ದಪ್ಪ ಯಾರ ಕಡೆಯಿಂದ?" ಎಂದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಒಂದು ದೂರು ಸರಿಮಾಡಿದರೆ ಮರುದಿನ ಇನ್ನೊಂದು ಸಿದ್ಧವಾಗಿರುತ್ತಿತ್ತು. ಆಫೀಸಿನ ಗ್ರಾಹಕರು ಎಷ್ಟೋ ವಾಸಿ ಅನಿಸಿತು. ಈ ಗಲಾಟೆಯಲ್ಲಿ ನನ್ನ ಕೋಡ್ ಮಾತ್ರ ಎಷ್ಟು ಚಂದವಾಯಿತೆಂದರೆ, ಆಫೀಸಿನವರು ನೋಡಿ ಅದನ್ನೇ ಪ್ರೋಗ್ರಾಮಿಗೆ ಹಾಕಿಕೊಂಡರು. ಈಗ ಎಲ್ಲೋ ಒಂದು ಊರಿನ ಚರಂಡಿ ಬಹಳ ನುಣುಪಾಗಿ ಹರಿಯುತ್ತದೆ, ನಕ್ಷೆಯಲ್ಲಿ.

ಅಣ್ಣ ಫೋನ್ ಮಾಡಿದ. "ಎಂತ ಮಾರಾಯ್ತಿ, ಒಂದು ಗೆರೆ ಎಳೀಲಿಕ್ಕೆ ಇಷ್ಟು ಸಮಯವಾ? ನಾನು ಬರುವ ತಿಂಗಳು ಬರ್ತೇನೆ. ಕಲ್ಲಿನವರಿಗೆ ಹೇಳಿ ಆಗಿದೆ."

"ನಿನ್ನ ಅಮ್ಮನಿಗೆ ಹೇಳು. ಹಲ್ಲು ಬೇಡ, ಬೂದಿ ಬೇಡ, ಕೆಂಪು ಬೇಡ ಅಂತಾರೆ."

"ಅವರಿಗೆ ಬೇಕಾದ್ದು ಎಂತ?"

ನನಗೆ ಗೊತ್ತಿದ್ದರೆ ತಾನೇ ಹೇಳುವುದು.

ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ದೊಡ್ಡಮ್ಮನಲ್ಲಿಗೆ ಹೊರಟೆ. ಅಮ್ಮನಿಗೆ, "ನೀನು ಬರದಿದ್ದರೆ ಅವರು ಹೇಳಿದ್ದೇ ಆಗ್ತದೆ, ನೋಡು," ಎಂದೆ. ಮದ್ದು ತಾಗಿತು. ಅಮ್ಮ ಸೀರೆ ಬದಲಾಯಿಸಿ ಬಂದಳು, ನೆಂಟರ ಮನೆಗೆ ಹೋಗುವವಳ ಹಾಗೆ. ದೊಡ್ಡಮ್ಮ ಆ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. ಬೆಂಚಿನ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು, ನಡುವೆ ನಾನು.

ಗೆರೆಯನ್ನು ಪರದೆಯ ಮೇಲೆ ತಂದೆ. ಕಾಟುಮಾವಿನ ಮರದ ಹತ್ತಿರ ಹಿಗ್ಗಿಸುತ್ತಾ ಹೋದೆ. ಗೆರೆ ಹೋಗಿ ಚೌಕಗಳಾದವು. ಚೌಕಗಳು ಊಟದ ತಟ್ಟೆಯಷ್ಟು ದೊಡ್ಡವಾದವು. ಒಂದು ಕಪ್ಪು, ಅದರ ಬಳಿ ಒಂದು ಕಡು ಬೂದು, ಒಂದು ತೆಳು ಬೂದು.

"ಇಲ್ಲಿ ನೋಡಿ. ಈ ಚೌಕದ ಒಂದು ಮೂಲೆಯಲ್ಲಿ ಗೆರೆ ಹೋಗ್ತಾ ಉಂಟು. ಚೌಕ ಒಡೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಎಷ್ಟು ಪಾಲು ಅಂತ ನೋಡಿ ಬಣ್ಣ ಕೊಟ್ಟದ್ದು. ಬೂದಿ ಅಂದರೆ ಜಾಗ ಅಲ್ಲ. ಈ ಚೌಕ ಪೂರ್ತಿ ಈಚೆಯದೂ ಅಲ್ಲ, ಪೂರ್ತಿ ಆಚೆಯದೂ ಅಲ್ಲ ಅಂತ ಹೇಳುವ ಕ್ರಮ, ಅಷ್ಟೇ."

ದೊಡ್ಡಮ್ಮ ತುಂಬಾ ಹೊತ್ತು ನೋಡಿದರು. "ಇದನ್ನು ಇನ್ನೂ ಸಣ್ಣ ಮಾಡಿದ್ರೆ?"

"ಎಷ್ಟು ಸಣ್ಣ ಮಾಡಿದರೂ ಗೆರೆ ಹೋಗುವಲ್ಲಿ ಇಂಥದ್ದು ಇದ್ದೇ ಇರ್ತದೆ."

"ಬೂದಿ ತೆಗೆದ್ರೆ?"

"ಮೆಟ್ಟಿಲು ಬರ್ತದೆ."

"ಅಂದ್ರೆ ಸರಿಯಾದ ಗೆರೆ ಅಂತ ಇಲ್ಲವೇ ಇಲ್ಲ."

"ಉಂಟು ದೊಡ್ಡಮ್ಮ, ಇದೇ ಸರಿಯಾದ್ದು. ಇದಕ್ಕಿಂತ ಸರಿ ಇಡೀ ಜಿಲ್ಲೆಯಲ್ಲಿ ಯಾರೂ ಎಳೆಯಲಿಕ್ಕಿಲ್ಲ. ಇದರಲ್ಲಿ ಇನ್ನು ಎಂತ ತಪ್ಪು ಉಂಟು, ಅದೊಂದು ಹೇಳಿ. ಅದನ್ನೂ ಸರಿ ಮಾಡ್ತೇನೆ." ನನ್ನ ಸ್ವರ ಏರಿತ್ತು. ಹಿರಿಯರ ಹತ್ತಿರ ಹಾಗೆ ಮಾತಾಡಬಾರದು, ಆದರೆ ಅಷ್ಟು ದಿನದ ಸಿಟ್ಟು.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ತಪ್ಪು ಎಂತದ್ದೂ ಇಲ್ಲ ಮಗಾ. ನನಗೆ ಗೆರೆಯೇ ಬೇಡ."

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಬೆಳ್ತಂಗಡಿಯಲ್ಲಿ ನನ್ನ ನಾದಿನಿಯ ಮನೆ ನೋಡಿದ್ದೇನೆ ನಾನು," ಎಂದರು, ನನಗಲ್ಲ, ಪರದೆಗೆ. "ಜಗಳ ಆಗಿ ಕಟ್ಟಿದ ಗೋಡೆ ಅಲ್ಲ ಅದು, ಒಳ್ಳೆಯದರಲ್ಲೇ ಕಟ್ಟಿದ್ದು. ಮೊದಮೊದಲು ಸುತ್ತು ಹಾಕಿ ರಸ್ತೆಯಲ್ಲಿ ಹೋಗಿ ಬರ್ತಾ ಇದ್ದರು. ಮಳೆಗಾಲ ಬಂತು, ಮೊಣಕಾಲು ನೋವು ಬಂತು, ಬಿಟ್ಟರು. ಈಗ ಆಚೆ ಮನೆಯಲ್ಲಿ ಯಾರು ಹುಷಾರಿಲ್ಲ ಅಂತ ಫೋನಿನಲ್ಲಿ ಗೊತ್ತಾಗುದು. ನನ್ನ ಮೊಣಕಾಲು ಹೇಗುಂಟು ಅಂತ ನಿನಗೆ ಗೊತ್ತುಂಟಲ್ಲ. ಮಗ ಅಷ್ಟು ಆಸೆಯಲ್ಲಿ ಹೇಳುವಾಗ ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಮೆಟ್ಟಿಲು ಕಂಡಿತು. ಮೆಟ್ಟಿಲು ಅಂತ ಹೇಳಿದೆ."

ಬೆಂಚಿನ ಈ ತುದಿಯಿಂದ ಅಮ್ಮನ ಸ್ವರ ಬಂತು. "ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀನು ಹೇಳ್ತೀಯಾ ಅಂತ ಕಾದೆ."

"ನಾನು ಹೇಗೆ ಹೇಳುದು? ನಿನ್ನ ಮಗ ಹೇಳಿದ್ದು, ನೀನು ಹೂಂ ಅಂದದ್ದು. ನಿನಗೇ ಬೇಕಾಗಿದೆ, ನಾನು ಬೇಡ ಅಂದ್ರೆ ಇವಳಿಗೆ ಇಡೀ ಜಾಗದ ಆಸೆ ಅಂತ ತಿಳ್ಕೊಳ್ತೀ ಅಂತ ಸುಮ್ಮನಿದ್ದೆ." ಅಮ್ಮ ಮೂಗು ಸೇದಿದಳು. "ಬೂದಿ ಯಾರದ್ದು ಅಂತ ಕೇಳಿದ್ದು ಮತ್ತೆ ಯಾಕೆ ಅಂತ ಮಾಡಿದ್ದೀ? ನನಗೆ ಬೂದಿ ಬೇಕಿತ್ತಾ?"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಬ್ಬರು ಹೆಂಗಸರು ಗೆರೆ ಬೇಡವೆಂದು ಹೇಳಲಾರದೆ ಒಂದೊಂದೇ ತಪ್ಪು ಹುಡುಕಿ ಕೊಟ್ಟಿದ್ದರು, ನಾನು ಮಹಾ ಬುದ್ಧಿವಂತೆ ಒಂದೊಂದನ್ನೇ ಸರಿಮಾಡಿ ಅವರನ್ನು ಗೋಡೆಯ ಹತ್ತಿರಕ್ಕೆ ದೂಡುತ್ತಾ ಬಂದಿದ್ದೆ. ನಡುವೆ ಕೂತಿರುವುದು ಸರಿಯಲ್ಲ ಅನಿಸಿ ಎದ್ದು ಕಂಬಕ್ಕೆ ಒರಗಿ ನಿಂತೆ. ಅವರು ಹತ್ತಿರ ಸರಿದದ್ದೇನೂ ಇಲ್ಲ. ಆದರೆ ಅಮ್ಮ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ಇದರಲ್ಲಿ ನಿನ್ನ ಬಾವಿ ಎಲ್ಲುಂಟು?" ಎಂದು ಕೇಳಿದಳು. ದೊಡ್ಡಮ್ಮ ತೋರಿಸಿದರು. ಅಲ್ಲ ಅದು ಬಾವಿಯಲ್ಲ ಎಂದು ಅಮ್ಮ ವಾದ ಹೂಡಿದಳು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ದುಬೈ. ವಿಡಿಯೋ ಕಾಲ್. ಬೆಂಚೂ ಕಾಣುವ ಹಾಗೆ ಫೋನ್ ಹಿಡಿದೆ.

"ಎಂತ, ಆಯ್ತಾ ಗೆರೆ?" ಎಂದ ಅಣ್ಣ. "ಇಬ್ಬರೂ ಒಟ್ಟಿಗೆ ಕೂತಿದ್ದಾರೆ ಅಂತಾದ್ರೆ ಒಪ್ಪಿಗೆ ಆಗಿರಬೇಕು. ಕಲ್ಲಿನವರಿಗೆ ಲೋಡ್ ಇಳಿಸ್ಲಿಕ್ಕೆ ಹೇಳ್ಲಾ?"

ಎರಡು ಮುಖಗಳು ನನ್ನ ಕಡೆಗೆ ತಿರುಗಿದವು. ಅಮ್ಮನ ಮಡಿಲಿನಲ್ಲಿ ಲ್ಯಾಪ್‌ಟಾಪಿತ್ತು. ಅದರಲ್ಲಿ ನಾನು ಈ ಜನ್ಮದಲ್ಲಿ ಎಳೆದ ಅತ್ಯಂತ ಚಂದದ ಗೆರೆ ಮಲಗಿತ್ತು, ಒಂದು ಹಲ್ಲಿಲ್ಲ, ಒಂದು ಗಂಟಿಲ್ಲ.

"ಇಲ್ಲ ಅಣ್ಣ," ಎಂದೆ. "ಗೆರೆ ಸರಿ ಬರ್ತಾ ಇಲ್ಲ. ಇನ್ನೂ ತುಂಬಾ ತಪ್ಪು ಉಂಟು."

"ಇನ್ನು ಎಷ್ಟು ಸಮಯ ಬೇಕು ಮಾರಾಯ್ತಿ ನಿನಗೆ?"

ಫೋನಿಗೆ ಕೇಳದ ಹಾಗೆ, ಮೆಲ್ಲನೆ, ದೊಡ್ಡಮ್ಮ ನನಗೆ ಹೇಳಿದರು: "ನಾವಿಬ್ಬರು ಇರುವಷ್ಟು ದಿನ ಅಂತ ಹೇಳು."